ಅಮ್ಮ ಇನ್ನೂ ಬರಬೇಕು

ಈಜುಕೊಳದಲ್ಲಿ ಈಗ ಉಳಿದಿದ್ದದ್ದು ಒಂದೇ ಒಂದು ಹಳದಿ ಟೋಪಿ. ಅದು ಭವ್ಯಶ್ರೀಯ ಅಮ್ಮನದು.

ಮಿಕ್ಕವರೆಲ್ಲ ಈಜು ಮುಗಿಸಿ, ಮೈಯಿಂದ ನೀರು ಸುರಿಯುತ್ತಿದ್ದಂತೆಯೇ ಹೊರಗೆ ಓಡಿ, ಸೈಕಲ್ ಹತ್ತಿ ಹೋಗಿಬಿಟ್ಟಿದ್ದರು. ಅಮ್ಮ ಮಾತ್ರ ಒಂದು ಕೈ ಎತ್ತಿ, ಇನ್ನೊಂದು ಕೈ ಎತ್ತಿ, ನಿಧಾನವಾಗಿ ಬರುತ್ತಿದ್ದಳು.

"ಅದು ನಿಮ್ಮಮ್ಮ ಅಲ್ವಾ?" ಎಂದು ವಿಶ್ರುತ್ ಕೇಳಿದ. ಅವನು ಭವ್ಯಳ ಕ್ಲಾಸಿನವನೇ. ಅವನ ಅಪ್ಪನೂ ಇದೇ ರೇಸಿಗೆ ಬಂದಿದ್ದರು.

ಭವ್ಯ ಕೇಳಿಸದವಳಂತೆ, ಜೊತೆಗೆ ಬಂದಿದ್ದ ಅಜ್ಜಿಯ ಇನ್ನೊಂದು ಪಕ್ಕಕ್ಕೆ ಸರಿದು ನಿಂತಳು.

ತಪ್ಪು ಅವಳದೇ. ಟ್ರಯಥ್ಲಾನ್ ಅಂದರೆ ಏನು ಎಂದು ಇಡೀ ಕ್ಲಾಸಿಗೆ ವಿವರಿಸಿದ್ದು ಅವಳೇ. ಮೊದಲು ಈಜು, ಆಮೇಲೆ ಸೈಕಲ್, ಆಮೇಲೆ ಓಟ, ಎಲ್ಲ ಒಂದರ ಹಿಂದೆ ಒಂದು. ಎಲ್ಲಕ್ಕಿಂತ ಚಿಕ್ಕದಕ್ಕೆ ಸ್ಪ್ರಿಂಟ್ ಅನ್ನುತ್ತಾರೆ, ಅಮ್ಮ ಸೇರಿರುವುದು ಅದಕ್ಕೆ. ಇಷ್ಟು ಹೇಳಿ ಸುಮ್ಮನಾಗಬಹುದಿತ್ತು. ಆದರೆ ಎಲ್ಲರೂ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದುದನ್ನು ನೋಡಿ, ನಮ್ಮಮ್ಮ ಫಸ್ಟ್ ಬರ್ತಾರೆ ಎಂದೂ ಹೇಳಿಬಿಟ್ಟಿದ್ದಳು.

ಅಮ್ಮನ ಈಜು ಹೇಗಿದೆಯೆಂದು ನಿಜವಾಗಿ ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ.

ಹೋದ ವರ್ಷ ಬೇಸಿಗೆ ರಜೆಯಲ್ಲಿ ಭವ್ಯಳನ್ನು ಈಜು ಕ್ಲಾಸಿಗೆ ಸೇರಿಸಿದ್ದರು. ಅಮ್ಮ ದಿನಾ ಹೂಟಗಳ್ಳಿಯಿಂದ ಸ್ಕೂಟರಿನಲ್ಲಿ ಕರೆತಂದು, ಕ್ಲಾಸು ಮುಗಿಯುವವರೆಗೂ ಬೆಂಚಿನ ಮೇಲೆ ಕೂತಿರುತ್ತಿದ್ದಳು. ಕೊಳದ ಅಂಚಿನ ಹತ್ತಿರ ಮಾತ್ರ ಸುಳಿಯುತ್ತಿರಲಿಲ್ಲ. ಚಿಕ್ಕವಳಿದ್ದಾಗ ಊರಿನ ನಾಲೆಯಲ್ಲಿ ಮುಳುಗಿ ಬದುಕಿದವಳಂತೆ. ಅಂಥ ಅಮ್ಮ ಒಂದು ದಿನ ಎದ್ದು ಕೋಚ್ ರುದ್ರಸ್ವಾಮಿಯವರ ಹತ್ತಿರ ಹೋದಳು.

"ಕೂತೂ ಕೂತೂ ಸಾಕಾಗಿದೆ ಸಾರ್. ನಾನೂ ಇಳೀಲಾ?"

ರಜೆ ಮುಗಿಯುವ ಹೊತ್ತಿಗೆ ಭವ್ಯ ಕೊಳದ ಆ ತುದಿಯಿಂದ ಈ ತುದಿಗೆ ಸಲೀಸಾಗಿ ಈಜುತ್ತಿದ್ದಳು. ಅಮ್ಮ ಆಗಲೂ ಕಂಬಿ ಹಿಡಿದುಕೊಂಡು ಕಾಲು ಬಡಿಯುತ್ತಿದ್ದಳು. ಮಕ್ಕಳು ನಕ್ಕರೆ ತಾನೂ ನಗುತ್ತಿದ್ದಳು. ಮರುದಿನ ಮತ್ತೆ ಬರುತ್ತಿದ್ದಳು. ಶಾಲೆ ಶುರುವಾಗಿ ಭವ್ಯ ಈಜು ಬಿಟ್ಟಮೇಲೂ ಅಮ್ಮ ಬಿಡಲಿಲ್ಲ. ತಾನು ಕೆಲಸ ಮಾಡುವ ಲ್ಯಾಬಿಗೆ ಹೋಗುವ ಮುಂಚೆ ಕೊಳಕ್ಕೆ ಹೋಗಿ, ಒದ್ದೆ ಕೂದಲಲ್ಲೇ ಡ್ಯೂಟಿಗೆ ಹೋಗುತ್ತಿದ್ದಳು.

ಈಗ ಆ ಹಳದಿ ಟೋಪಿ ಕೊಳದ ಈಚೆ ತುದಿಗೆ ಬಂದು ನಿಂತುಬಿಟ್ಟಿತು. ಅಮ್ಮ ಅಂಚು ಹಿಡಿದುಕೊಂಡು ಜೋರಾಗಿ ಕೆಮ್ಮತೊಡಗಿದಳು. ನೀರು ಕುಡಿದಿದ್ದಳು.

ಅಂಚು ಹಿಡಿದು ಸುಧಾರಿಸಿಕೊಳ್ಳಬಹುದು, ತಪ್ಪಿಲ್ಲ. ಆದರೆ ಹೊತ್ತು ಮೀರಿದರೆ ರೇಸಿನಿಂದ ಹೊರಗೆ ಹಾಕುತ್ತಾರೆ. ವಾಚು ಹಿಡಿದು ನಿಂತಿದ್ದವರು ಆಗಲೇ ಎರಡು ಸಲ ಅಮ್ಮನ ಕಡೆ ನೋಡಿದ್ದರು. ವಿಶ್ರುತ್ ಕೂಡ ನೋಡುತ್ತಿದ್ದ.

ಭವ್ಯ ಓಡಿಹೋಗಿ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತಳು.

"ಅಮ್ಮಾ, ಸಾಕು. ಬಂದ್ಬುಡು."

ಅಮ್ಮ ಈಜಿನ ಕನ್ನಡಕ ಮೇಲಕ್ಕೆತ್ತಿದಳು. ಕಣ್ಣು ಕೆಂಪಗಾಗಿತ್ತು.

"ಸಾಕಾದಾಗ ಬರ್ತೀನಿ ಕಣೇ. ಉಸಿರು ತಗೊಳ್ಳೋಕೆ ನಿಂತಿದ್ದೀನಿ, ಅಷ್ಟೇ."

ಅಷ್ಟು ಹೇಳಿ, ಕನ್ನಡಕ ಇಳಿಸಿ, ಗೋಡೆಗೆ ಕಾಲು ಒದ್ದು ಮತ್ತೆ ಹೊರಟಳು. ಭವ್ಯ ಅಲ್ಲೇ ಕೂತಿದ್ದಳು. ಅಮ್ಮನಿಗೆ ಸುಸ್ತಾಗಿದೆ ಎನ್ನುವ ಕಾರಣಕ್ಕೆ ತಾನು ಹಾಗೆ ಹೇಳಿದ್ದಲ್ಲ ಎನ್ನುವುದು ಅವಳಿಗೆ ಗೊತ್ತಿತ್ತು. ಅದು ಗೊತ್ತಿದ್ದರಿಂದ ಎದ್ದು ಅಜ್ಜಿಯ ಹತ್ತಿರ ಹೋಗಲೂ ಮನಸ್ಸಾಗಲಿಲ್ಲ.

ಇನ್ನೇನು ಸಮಯ ಮುಗಿಯಿತು ಎನ್ನುವಾಗ ಅಮ್ಮ ನೀರಿನಿಂದ ಮೇಲೆ ಬಂದಳು. ನಿಂತಾಗ ಒಂದು ಸಲ ಓಲಾಡಿದಳು. ಆಮೇಲೆ ಓಡಿಹೋಗಿ ಹೆಲ್ಮೆಟ್ ಹಾಕಿಕೊಂಡು, ಸೈಕಲ್ ಹತ್ತಿ ಬೋಗಾದಿ ರಸ್ತೆಯ ಕಡೆಗೆ ಹೊರಟುಹೋದಳು.

ಓಟ ಇದ್ದದ್ದು ಕುಕ್ಕರಹಳ್ಳಿ ಕೆರೆಯ ಸುತ್ತ. ಅಜ್ಜಿ ಮತ್ತು ಭವ್ಯ ಗೇಟಿನ ಹತ್ತಿರ ಹೋಗಿ ಕಾದರು. ಸೈಕಲ್ಲುಗಳು ಒಂದೊಂದಾಗಿ ವಾಪಸು ಬಂದವು. ವಿಶ್ರುತನ ಅಪ್ಪ ಬಂದರು, ಸೈಕಲ್ ನಿಲ್ಲಿಸಿ ಓಡಿದರು, ಕೆರೆ ಸುತ್ತಿ ಬಂದು ಮೆಡಲನ್ನೂ ಹಾಕಿಸಿಕೊಂಡರು. ಅಮ್ಮ ಮಾತ್ರ ಇನ್ನೂ ಸೈಕಲ್ಲಿನಲ್ಲೇ ಬಂದಿರಲಿಲ್ಲ.

"ಅಜ್ಜಿ, ಅಮ್ಮ ಬಿದ್ದೋಗಿದ್ರೆ?"

"ಸುಮ್ಕಿರು ಮಗ. ಬತ್ತಾಳೆ," ಎಂದಳು ಅಜ್ಜಿ ಸೋಮಮ್ಮ. ಹಾಗೆಂದವಳು ತಾನೇ ನಾಲ್ಕು ಸಲ ರಸ್ತೆಗೆ ಹೋಗಿ ಇಣುಕಿ ಬಂದಳು.

ಕೊನೆಗೂ ಅಮ್ಮ ಬಂದಳು. ಎರಡೂ ಕೈ ಕಪ್ಪಗಾಗಿದ್ದವು, ಕೆನ್ನೆಯ ಮೇಲೂ ಗ್ರೀಸಿನ ಗೆರೆ. ದಾರಿಯಲ್ಲಿ ಚೈನ್ ಕಳಚಿ ಸಿಕ್ಕಿಹಾಕಿಕೊಂಡಿತ್ತಂತೆ. ರಸ್ತೆ ಬದಿಯಲ್ಲಿ ಕೂತು ತಾನೇ ಅದನ್ನು ಬಿಡಿಸಿ ಹಾಕಿಕೊಂಡು ಬಂದಿದ್ದಳು. ಸೈಕಲ್ಲಿನಿಂದ ಇಳಿದು ಓಡಲು ಹೋದರೆ ಕಾಲು ಅವಳ ಮಾತು ಕೇಳಲಿಲ್ಲ. ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲುತ್ತ, ಮುಗ್ಗರಿಸುತ್ತ, ಹೇಗೋ ಕೆರೆ ಏರಿಯ ದಾರಿ ಹಿಡಿದು ಮರಗಳ ಮರೆಗೆ ಹೋದಳು.

ಭವ್ಯ ಆ ಮರಗಳ ಕಡೆಯೇ ನೋಡುತ್ತ ನಿಂತಳು. ಬಿಸಿಲೇರಿತು. ವಾಕಿಂಗಿಗೆ ಬಂದವರೆಲ್ಲ ಮನೆಗೆ ಹೊರಟರು. ಮೈಕಿನಲ್ಲಿ ಬಹುಮಾನ ಬಂದವರ ಹೆಸರು ಕೂಗಿ ಮುಗಿಸಿದರು. ಯಾರೋ ನೀರಿನ ಲೋಟಗಳನ್ನು ಚೀಲಕ್ಕೆ ತುಂಬತೊಡಗಿದರು.

ಆಗ ಬುಸ್ ಎಂದು ಸದ್ದಾಯಿತು. ಓಟ ಮುಗಿಯುವ ಜಾಗದಲ್ಲಿ ಗಾಳಿ ತುಂಬಿಸಿ ನಿಲ್ಲಿಸಿದ್ದ ದೊಡ್ಡ ಕೆಂಪು ಕಮಾನು ಇತ್ತಲ್ಲ, ಅದರ ಗಾಳಿಯ ಮೆಷೀನನ್ನು ಆಫ್ ಮಾಡಿದ್ದರು. ಕಮಾನು ನಡುವೆ ಬಾಗಿ, ಮೆಲ್ಲಗೆ ನೆಲಕ್ಕೆ ಇಳಿಯುತ್ತಿತ್ತು.

ಭವ್ಯ ಓಡಿದಳು. ರೇಸಿನ ಟೀ ಶರ್ಟ್ ಹಾಕಿದ್ದ ಅಕ್ಕ ಒಬ್ಬರು ಹಗ್ಗ ಬಿಚ್ಚುತ್ತಿದ್ದರು.

"ಅಕ್ಕ, ತೆಗೀಬೇಡಿ. ಇನ್ನೊಬ್ರು ಬರ್ಬೇಕು."

ಎಲ್ಲರೂ ಬಂದಾಯಿತಲ್ಲ ಎಂದು ಆ ಅಕ್ಕ ಆಶ್ಚರ್ಯದಿಂದ ನೋಡಿದರು. ಮೆಡಲ್ ಕೈಯಲ್ಲಿ ಹಿಡಿದಿದ್ದ ವಿಶ್ರುತ್, ಅವನ ಅಪ್ಪ, ಇನ್ನೂ ನಾಲ್ಕೈದು ಜನ ತಿರುಗಿ ನೋಡಿದರು. ಆದರೂ ಭವ್ಯ ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿಯೇ ಹೇಳಿದಳು.

"ನಮ್ಮಮ್ಮ ಬರ್ಬೇಕು. ಕೆರೆ ಹತ್ರ ಓಡ್ತಿದ್ದಾರೆ. ಬಂದೇ ಬರ್ತಾರೆ."

ಅಕ್ಕ ಹಗ್ಗವನ್ನು ಕೆಳಗೆ ಬಿಟ್ಟು ಮೆಷೀನಿನ ಸ್ವಿಚ್ ಹಾಕಿದರು. ಕಮಾನು ಹೊಟ್ಟೆ ಉಬ್ಬಿಸಿಕೊಂಡು ಮತ್ತೆ ಮೇಲೇಳತೊಡಗಿತು. ಅದು ನೆಟ್ಟಗೆ ನಿಲ್ಲುವ ಹೊತ್ತಿಗೆ ಏರಿಯ ತಿರುವಿನಲ್ಲಿ ಅಮ್ಮ ಕಾಣಿಸಿದಳು.

ಅದನ್ನು ಓಟ ಎನ್ನುವುದೋ ನಡಿಗೆ ಎನ್ನುವುದೋ ಹೇಳುವುದು ಕಷ್ಟ. ಆದರೆ ಅಮ್ಮ ಓಡುತ್ತಲೇ ಇದ್ದಳು. ರುದ್ರಸ್ವಾಮಿ ಸರ್ ಚಪ್ಪಾಳೆ ತಟ್ಟಿದರು. ಅಜ್ಜಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಮ್ಮ ಕಮಾನಿನ ಕೆಳಗೆ ದಾಟಿ, ಹುಲ್ಲಿನ ಮೇಲೆ ದೊಪ್ಪನೆ ಕೂತು, ಮುಖ ಮುಚ್ಚಿಕೊಂಡಳು. ಅಳುತ್ತಿದ್ದಾಳೆ ಎಂದು ಹತ್ತಿರ ಹೋದರೆ, ನಗುತ್ತಿದ್ದಳು.

ಭವ್ಯ ಅವಳ ಶೂ ಬಿಚ್ಚಿದಳು. ಹಿಮ್ಮಡಿ ಸುಲಿದು ಕಾಲುಚೀಲ ಅಲ್ಲಿಗೇ ಅಂಟಿಕೊಂಡಿತ್ತು. ಅಮ್ಮನಿಗೆ ನೋಯದಂತೆ ಸ್ವಲ್ಪ ಸ್ವಲ್ಪವೇ ನೀರು ಹಾಕಿ ಬಿಡಿಸುತ್ತ ಕೂತಳು.

ವಿಶ್ರುತ್ ಪಕ್ಕಕ್ಕೆ ಬಂದು ನಿಂತ.

"ನಮ್ಮಪ್ಪ ಯಾವಾಗ್ಲೋ ಮುಗಿಸ್ಬುಟ್ರು," ಎಂದ. ಅವನೇನೂ ಛೇಡಿಸಲು ಹೇಳಿದ್ದಲ್ಲ.

ಭವ್ಯ ತಲೆ ಎತ್ತಿದಳು. "ಹೂಂ, ನೋಡ್ದೆ," ಎಂದಳು. "ಆಮೇಲೂ ನಮ್ಮಮ್ಮ ಬಿಡ್ದೆ ಬರ್ತಾನೇ ಇದ್ರು."

ವಿಶ್ರುತ್ ಅಮ್ಮನ ಹಿಮ್ಮಡಿಯನ್ನು ನೋಡಿದ. ಆಮೇಲೆ ಬಗ್ಗಿ, ಭವ್ಯ ಕಾಲುಚೀಲ ಬಿಡಿಸಲು ಸುಲಭವಾಗಲೆಂದು ನೀರಿನ ಬಾಟಲಿಯನ್ನು ಹಿಡಿದುಕೊಂಡ.