ಬಿಟ್ಟುಹೋದ ಮಂಗಳ

“ಚಿತ್ರದ ಪುಟದೊಳಗೆ ನಿಂತು ಮಂಗಳ ಹಾಡೋರು ಯಾರಪ್ಪಾ?”

ಖಾಲಿ ಕೋಣೆಯನ್ನೇ ಕೇಳಿ, ಜಯಂತ್ ತನ್ನ ಮಾತಿಗೆ ತಾನೇ ನಕ್ಕ. ಮೇಜಿನ ಮೇಲೆ ‘ದನಿಗಳ್ಳಿ’ಯ ಕೊನೆಯ ಪುಟ ಒಣಗುತ್ತಿತ್ತು. ಸಂಜೆಯ ಬಸ್ಸಿಗೆ ಹಾಸನಕ್ಕೆ ಹೋಗಿ ಕೊರಿಯರ್‌ಗೆ ಹಾಕಿದರೆ ಮೊದಲ ಭಾಗ ಮುಗಿದಂತೆ. ಐದು ಸಂಪುಟಗಳ ಆ ಮಾಟದ ಕಾದಂಬರಿಯನ್ನು ಚಿತ್ರಗಳಲ್ಲಿ ಹೇಳಲೆಂದೇ ಅವನು ಬೆಂಗಳೂರು ಬಿಟ್ಟು ಹೊಳೆನರಸೀಪುರದಲ್ಲಿ ಬಾಡಿಗೆ ಮನೆ ಹಿಡಿದದ್ದು. ಕಾದಂಬರಿಕಾರರ ಊರಿನ ಹೊಳೆ, ಓಣಿ, ಹೊಸ್ತಿಲುಗಳನ್ನು ಕಣ್ಣಾರೆ ಕಂಡು ಬರೆಯಬೇಕೆಂದು. ಹೆಂಡತಿ ಹೆರಿಗೆಗೆ ಅರಕಲಗೂಡಿನ ತವರಿಗೆ ಹೋಗಿದ್ದಳು. ಏಳು ವರ್ಷದ ಮಗಳು ಇಂಚರ ಮಾತ್ರ ಜೊತೆಗಿದ್ದಳು, ಎದ್ದಾಗಿನಿಂದ ಮಲಗುವ ತನಕ ಏನಾದರೊಂದು ಗುನುಗುತ್ತ.

ಪುಟದ ತುಂಬ ದನಿಗಳ್ಳಿಯೇ. ರಾಜ ನಾಲಗೆ ಕೊಯ್ಯಿಸಿದ ಮಾಟಗಾತಿ. ಊರೂರ ಮಕ್ಕಳ ದನಿ ಕದ್ದು ತನ್ನ ಕೊರಳಿಗೆ ತುಂಬಿಕೊಂಡವಳು. ಹೊಸ್ತಿಲಾಚೆ ನಿಂತಿದ್ದಾಳೆ, ಓದುವವರ ಕಡೆಗೇ ಮುಖ ಮಾಡಿ. ಅವಳನ್ನು ಕರೆಯುವ ಮಾಟದ ಮಾತನ್ನು ಜಯಂತ್ ಒಂದಕ್ಷರ ಬಿಡದೆ ಮೊದಲ ಪುಟದಲ್ಲಿ ಬರೆದಿದ್ದ. ಕಾದಂಬರಿಯ ಮೊದಲ ಸಂಪುಟದ ಕೊನೆಗಿದ್ದ, ಅವಳನ್ನು ಕಳಿಸಿಕೊಡುವ ಮಂಗಳಪದ್ಯವನ್ನು ಬಿಟ್ಟಿದ್ದ.

ಬೆಳಿಗ್ಗೆ ಬಂದಿದ್ದ ಹಂಸ, ತೀರಿಕೊಂಡ ಕಾದಂಬರಿಕಾರರ ಮಗಳು, ಆ ಪುಟ ನೋಡಿ ಕೂತಲ್ಲಿಂದ ಎದ್ದುಬಿಟ್ಟಿದ್ದರು.

“ಪದ್ಯ ಎಲ್ಲಿ, ಜಯಂತ್?”

“ಜಾಗ ಎಲ್ಲಿದೆ ಮೇಡಂ? ಓದೋರು ಹೆದರಿ ಪುಸ್ತಕ ಮುಚ್ಬೇಕು. ಕೊನೇಲಿ ಭಜನೆ ಹಾಕಿದ್ರೆ ಪ್ರಸಾದ ಕೇಳ್ತಾರೆ.”

ಹಂಸ ನಗಲಿಲ್ಲ. “ಆ ಕರೆಯೋ ಮಾತು ಅಪ್ಪ ಕಟ್ಟಿದ್ದಲ್ಲ. ಮಲ್ಲಿಪಟ್ಟಣದ ಕಡೆ ಒಬ್ಬ ಮುದುಕಿ ಹೇಳಿಕೊಟ್ಟಿದ್ದು. ಪುರಾಣ ಓದೋರೂ ಸಾವಿನ ಪದ್ಯಕ್ಕೆ ಓದು ನಿಲ್ಲಿಸಲ್ಲ, ಮಂಗಳ ಹಾಡೇ ಏಳ್ತಾರೆ. ಕರೆದೋರೇ ಕಳಿಸ್ಬೇಕು. ತಡವಾಗಿ ಕಳಿಸಿದ್ರೂ ಹೋಗ್ತಾಳೆ. ತಗೊಂಡದ್ದನ್ನ ಮಾತ್ರ ವಾಪಸ್ ಕೊಡಲ್ಲ.”

ಕೆಲಸದ ಮಾರಮ್ಮನಿಗೂ ಚಿತ್ರ ಸೇರಿರಲಿಲ್ಲ. “ಇಂಥೋಳ್ನ ಮನ್ಲಿ ಮಡೀಕಂಡಿದ್ರೆ ನಿಮ್ಮೆಂಡ್ರು ಬಾಣಂತನ ಮುಗುಸ್ಕಂಡು ವಾಪಸ್ ಬತ್ತಾರಾ ಸಾ?” ಎಂದು ಗೇಲಿ ಮಾಡಿ, ಮಗುವನ್ನು ಹೊಳೆದಡಕ್ಕೆ ಕರೆದೊಯ್ದಿದ್ದಳು.

“ಅಪ್ಪಾ, ನಾನು ಹಾಡ್ಲಾ?”

ದನಿ ಒಳಕೋಣೆಯಿಂದ ಬಂತು. ಮಗಳು ಹೊಳೆಯಿಂದ ವಾಪಸಾಗಿ ಹಿತ್ತಿಲ ಬಾಗಿಲಿನಿಂದ ಬಂದಿರಬೇಕು ಎಂದುಕೊಂಡ. “ಹಾಡು ಪುಟ್ಟಿ,” ಎಂದ, ತಲೆಯೆತ್ತದೆ.

ಹಾಡು ಶುರುವಾಯಿತು. ಇಂಚರಳದೇ ಗುನುಗು. ಆದರೆ ನಡುವೆ ಎಲ್ಲೂ ಉಸಿರು ತೆಗೆದುಕೊಳ್ಳಲಿಲ್ಲ. ಸಾಲು ಮುಗಿದು ಸಾಲು, ಅದು ಮುಗಿದು ಇನ್ನೊಂದು, ನೂಲು ಬಿಚ್ಚಿದ ಹಾಗೆ. ಜಯಂತ್ ತಲೆಯೆತ್ತಿದ. ಕೂದಲು ಸುಟ್ಟ ಕಮಟು ಮೂಗಿಗೆ ಬಡಿಯಿತು. ಅಂಗಳದಲ್ಲಿನ್ನೂ ಬಿಸಿಲಿತ್ತು, ಒಳಕೋಣೆಯ ಬಾಗಿಲ ಸಂದಿಯಲ್ಲಿ ಮಾತ್ರ ಮಸಿ ಚೆಲ್ಲಿದಂಥ ಕತ್ತಲು.

ಬೀದಿ ಬಾಗಿಲು ದಡಾರನೆ ತೆರೆಯಿತು. ಮಾರಮ್ಮ ಮಗುವಿನ ಕೈ ಹಿಡಿದು ಒಳಗೆ ಎಳೆದುತಂದಳು.

“ಸಾ, ಕೂಸು ಪದ ಯೋಳ್ತಾ ಯೋಳ್ತಾ ನಿಲ್ಲುಸ್ಬುಡ್ತು ಸಾ! ಬಾಯಿ ಬುಡ್ತದೆ, ದನೀನೇ ಬರಾಕಿಲ್ಲ!”

ಇಂಚರ ಅಪ್ಪನೆದುರು ತುಟಿ ಮುಚ್ಚಿ ನಿಂತಿದ್ದಳು. ಒಳಗೆ ಇಂಚರ ಹಾಡುತ್ತಿದ್ದಳು.

ಜಯಂತ್ ಪುಟ ನೋಡಿದ. ಹೊಸ್ತಿಲಿತ್ತು. ಅವಳಿರಲಿಲ್ಲ.

ಹಾರಿ ಒಳಕೋಣೆಯ ಚಿಲಕ ಹಾಕಿದ. ಹಾಡು ನಿಂತಿತು. ಮರದ ಮೇಲೆ ಉಗುರು ಕೆರೆಯಿತು.

“ಅಪ್ಪಾ, ಕತ್ಲೆ. ತೆಗಿ ಅಪ್ಪಾ.”

ಇತ್ತ ಮಗು ಏದುಸಿರು ಬಿಡತೊಡಗಿತು. ಮೊದಲು ದನಿ, ಆಮೇಲೆ ಉಸಿರು. ಅವನೇ ಬರೆದ ಚಿತ್ರದ ಚೌಕಟ್ಟುಗಳು, ಅದೇ ಸರದಿಯಲ್ಲಿ. ತುಟಿ ನೀಲಿಯಾಯಿತು. ಕಾದಂಬರಿ ಎಲ್ಲಿ? ಮೇಜು. ಕಪಾಟು. ಸಿಕ್ಕಿತು. ಕೊನೆಯ ಪುಟ. ಎಂದೂ ದೇವರೆದುರು ಬಾಯಿ ತೆರೆಯದವನು ಗಂಟಲು ಹರಿಯುವಂತೆ ಹಾಡಿದ.

ಕರೆದ ಬಾಯಲಿ ಕಳುಹಿಕೊಡುವೆನು
ತೆರೆದ ಕತೆಯನು ಮುಚ್ಚಿ ನಿಲುವೆನು

“ಬೇಡ ಅಪ್ಪಾ! ನನ್ನ ಕಳಿಸ್ಬೇಡ ಅಪ್ಪಾ!”

ಮಗಳ ದನಿಯೇ ಅಳುತ್ತಿತ್ತು. ಹಾಡಿದರೆ ಅದು ಹೋಗುತ್ತದೆ. ಹಾಡದಿದ್ದರೆ ಇವಳು. ಜಯಂತ್ ಕಣ್ಣು ಮುಚ್ಚಿದ.

ತೆರಳು ತಾಯೇ ತಿರುಗಿ ನೋಡದೆ ಮಂಗಳವು ನಿನಗೆ

ದನಿ ಗೋಡೆಯಾಚೆ ಸರಿಯಿತು. ಹಿತ್ತಿಲಾಚೆ. ಹೊಳೆಯಾಚೆ. ಅಪ್ಪಾ. ಅಪ್ಪಾ. ಆಮೇಲೆ ಬರೀ ನೀರಿನ ಸದ್ದು.

ಮಗು ಉಸಿರೆಳೆದುಕೊಂಡಿತು.

ಮುಸ್ಸಂಜೆಯಲ್ಲಿ ಜಯಂತ್ ಒಂದೂ ಬಿಡದೆ ಪುಟಗಳನ್ನೆಲ್ಲ ಬಚ್ಚಲ ಒಲೆಗೆ ತುಂಬಿದ. ತಿರುಗಿದರೆ ಇಂಚರ ನಿಂತಿದ್ದಳು. ಒಂದು ಕೈಯಲ್ಲಿ ಬಿಳಿ ಹಾಳೆ, ಅವನ ಬ್ರಷ್ಷು. ಇನ್ನೊಂದರಲ್ಲಿ ಸ್ಲೇಟು. ಸೊಟ್ಟ ಅಕ್ಷರಗಳಲ್ಲಿ ಬರೆದಿದ್ದಳು: ‘ಅವಳನ್ನ ಮತ್ತೆ ಬರಿ ಅಪ್ಪ. ನನ್ನ ದನಿ ವಾಪಸ್ ಕೇಳ್ತೀನಿ.’

ಬ್ರಷ್ಷನ್ನು ಅವನ ಬೆರಳ ನಡುವೆ ತುರುಕಿ, ಕಣ್ಣು ತುಂಬಿಕೊಂಡು ಕಾದಳು.

ಜಯಂತ್ ಅದನ್ನು ಮುರಿದು ಬೆಂಕಿಗೆ ಹಾಕಿದ.

“ಇಲ್ಲ ಕಂದ,” ಎಂದ. “ಬರೆಯೋದಿಲ್ಲ.”