ನೀಲಿ ಕೊರಳಿಗೆ ಒಂದು ಮಾರು

ಯಾನಾಕಾಕಾ ಬೆಟ್ಟವನ್ನು ಗಣಿಗೆ ಕೊಡಬೇಕೋ ಬೇಡವೋ ಎಂಬುದು ಸೋಮವಾರ ತೀರ್ಮಾನವಾಗಲಿತ್ತು. ಹಳ್ಳಿಯ ನೀರೆಲ್ಲ ಇಳಿದುಬರುವುದು ಅಲ್ಲಿಂದಲೇ. ನೀಲಿ ಕೊರಳಿನ ಅಪರೂಪದ ಹಮ್ಮಿಂಗ್‌ಬರ್ಡ್ ಅಲ್ಲಿದೆಯೆಂದು ತೋರಿಸಿದರೆ ಬೆಟ್ಟ ಉಳಿಯುತ್ತಿತ್ತು. ತೋರಿಸಲು ಇದ್ದುದು ಹಕ್ಕಿ ಕಪ್ಪು ಚುಕ್ಕೆಯಂತೆ ಕಾಣುವ ಚಿತ್ರಗಳು ಮಾತ್ರ.

ಶನಿವಾರ ಬೆಳಗ್ಗೆ ಮೂವರು ಹೊರಟರು: ಛಾಯಾಗ್ರಾಹಕಿ ನೆಲ್ವಾ, ಹಕ್ಕಿಯ ಜಾಡು ಬಲ್ಲ ಕುರಿಗಾಹಿ ಮುದುಕಿ ಸೊಯ್ಲಾ, ಹಗ್ಗ ಹಿಡಿಯಲು ಅವಳ ತಮ್ಮ ಅಬ್ದೋನ್. ಜೇಬಿನಲ್ಲಿ ಹುರಿದ ಜೋಳ. ಏರಿದಂತೆ ಮರಗಳು ಮುಗಿದು, ಗಾಳಿಗೆ ಮಲಗಿ ಏಳುವ ಹುಲ್ಲಿನ ಬಯಲು ತೆರೆದುಕೊಂಡಿತು. ಕಾಲಿಟ್ಟಲ್ಲೆಲ್ಲ ಪಾಚಿ ನೀರೊಸರಿತು. ಮಂಜು ಸರಿದಾಗ ಒಂದರ ಹಿಂದೊಂದು ಬೆಟ್ಟಸಾಲುಗಳು ದಿಗಂತದವರೆಗೂ ನಿಂತಿದ್ದವು.

ಪ್ರಪಾತದ ಅಂಚಿನಲ್ಲಿ ಸೊಯ್ಲಾ ಕೆಳಗಿನ ಕಿತ್ತಳೆ ಹೂವಿನ ಪೊದೆ ತೋರಿಸಿದಳು. "ನೀಲಿ ಕೊರಳಿನವ ಅಲ್ಲಿಗೇ ಬರ್ತಾನೆ."

"ಹಿಂದೆ ಉರಿಯೋ ಆಕಾಶ. ಅದಕ್ಕೇ ಹಕ್ಕಿ ಕಪ್ಪಗೆ ಬರೋದು," ಎಂದಳು ನೆಲ್ವಾ. "ಶಟರ್ ಸೆಕೆಂಡಿನ ಎರಡು ಸಾವಿರದಲ್ಲೊಂದು ಪಾಲಿಗಿಟ್ರೆ ಆಕಾಶ ಹದಕ್ಕೆ ಬರುತ್ತೆ. ಆ ವೇಗದಲ್ಲಿ ಮಾಮೂಲಿ ಫ್ಲ್ಯಾಶ್ ಅರ್ಧ ಚಿತ್ರಕ್ಕೇ ಬೀಳೋದು. ಹೈಸ್ಪೀಡ್ ಸಿಂಕ್ ಹಾಕಿದ್ರೆ ಫ್ಲ್ಯಾಶ್ ಪಟಪಟ ಮಿಂಚಿ ಚಿತ್ರ ಪೂರ್ತಿ ಬೆಳಗುತ್ತೆ."

"ಹಾಗಾದ್ರೆ ಇಲ್ಲಿಂದಲೇ ಹೊಡಿ," ಎಂದ ಅಬ್ದೋನ್.

"ಹಾಗೆ ಮಿಂಚಿದ್ರೆ ಬೆಳಕು ಸೊರಗುತ್ತೆ ಮಾಮ. ಹೂವಿಂದ ಒಂದೇ ಮಾರು ದೂರ ಇರೋಷ್ಟು ಹತ್ರ ಹೋಗ್ಬೇಕು."

"ಅಲ್ಲಿ ನಿಲ್ಲೋಕೆ ನೆಲವೇ ಇಲ್ವಲ್ಲ."

"ಬಾಯಿ ಮುಚ್ಕೊಂಡು ಹಗ್ಗ ಹಿಡಿ," ಎಂದಳು ಅಕ್ಕ ಸೊಯ್ಲಾ.

ಸೊಂಟಕ್ಕೆ ಹಗ್ಗ ಬಿಗಿದುಕೊಂಡು ನೆಲ್ವಾ ಇಳಿದಳು. ಕಾಲಡಿಯ ಕಲ್ಲು ಕಿತ್ತುಬಂತು. ಅದು ಬಿದ್ದ ಸದ್ದು ಕೇಳಿಸಲೇ ಇಲ್ಲ. ಹಗ್ಗ ಸರ್ರನೆ ಜಾರಿ, ಬಿಗಿದು ನಿಂತಿತು. ಮೇಲೆ ಅಬ್ದೋನ್‌ನ ಅಂಗೈ ಸುಲಿದಿತ್ತು.

ಪರೀಕ್ಷೆಗೆ ಒಂದು ಚಿತ್ರ ತೆಗೆದಳು. ಫ್ಲ್ಯಾಶ್ ಬೆಳಗಲಿಲ್ಲ. ಚಳಿಗೆ ಬ್ಯಾಟರಿ ಸತ್ತಿತ್ತು. ಅದನ್ನು ಬಿಚ್ಚಿ ಕಂಕುಳಲ್ಲಿ ಒತ್ತಿಹಿಡಿದು ನೇತಾಡಿದಳು. ಮರಳಿ ಹಾಕಿದಾಗ ಸಣ್ಣ ದೀಪ ಮಿನುಗಿತು.

ಝೇಂಕಾರ ಮೊದಲು ಬಂತು. ಆಮೇಲೆ ಹಕ್ಕಿ, ಹೆಬ್ಬೆರಳಿನಷ್ಟು, ಕಪ್ಪಾಗಿ, ಗಾಳಿಯಲ್ಲಿ ಅಲುಗದೆ ನಿಂತಿತು.

ಒತ್ತಿದಳು.

ಆ ಕ್ಷಣ ಕೊರಳು ಹೊತ್ತಿಕೊಂಡಿತು. ಅಂಥ ನೀಲಿಯನ್ನು ಅವಳು ಆಕಾಶದಲ್ಲೂ ಕಂಡಿರಲಿಲ್ಲ. ಹಕ್ಕಿ ಬೆದರಲಿಲ್ಲ, ಹೂವಿಗೆ ಕೊಕ್ಕಿಟ್ಟು ಹೀರಿ, ಅವಳತ್ತ ಒಮ್ಮೆ ತಿರುಗಿ ಹೋಯಿತು. ಕ್ಯಾಮೆರಾದ ಪರದೆಯಲ್ಲಿ ಮೂಡಿದ ನೀಲಿಯನ್ನೇ ನೋಡುತ್ತ ನೆಲ್ವಾ ನೇತಾಡಿದಳು.

"ಬದುಕಿದ್ದೀಯೇನೇ?" ಮೇಲಿಂದ ಸೊಯ್ಲಾ ಕೇಳಿದಳು.

"ಎಳೀರಿ," ಎಂದಳು ನೆಲ್ವಾ.

ಸೋಮವಾರ ಕಚೇರಿಯಲ್ಲಿ ಗಣಿಗೆ ಅನುಮತಿ ಕೊಡುವ ಅಧಿಕಾರಿ ಆ ಚಿತ್ರವನ್ನು ಹಿಗ್ಗಿಸಿ, ಒಂದೊಂದೇ ಗರಿಯನ್ನು ಬಹಳ ಹೊತ್ತು ನೋಡಿದ. ಆಮೇಲೆ ಕಡತದಲ್ಲಿ ಹಕ್ಕಿಯ ಹೆಸರಿನ ಮುಂದೆ 'ಇಲ್ಲ' ಎಂದಿದ್ದನ್ನು ಹೊಡೆದು 'ಇದೆ' ಎಂದು ಬರೆದ.

"ಅಷ್ಟು ಬರೆಯೋಕೆ ಇಷ್ಟು ದಿನ ಬೇಕಾಯ್ತು," ಎನ್ನುತ್ತ ಪಕ್ಕದಲ್ಲಿ ನಿಂತಿದ್ದ ಸೊಯ್ಲಾ ಕುರಿಗಳ ಕಡೆಗೆ ಹೊರಟಳು.