ಕೆಳಗಿನ ಗೆರೆ

ಸ್ವರೂಪನಿಗೆ ಧೈರ್ಯವಿರಲಿಲ್ಲ. ಹೆಂಡತಿ ರಂಜಿತ ಬಸುರಿಯಾಗಿದ್ದಾಗ ಅವಳ ರಕ್ತದಲ್ಲಿ ಥಲಸ್ಸೀಮಿಯಾ ಎಂಬ, ವಂಶದಲ್ಲಿ ಹರಿದು ಬರುವ ದೋಷ ಕಂಡಿತ್ತು. ಗಂಡನಲ್ಲೂ ಇದ್ದರೆ ಮಾತ್ರ ಮಗುವಿಗೆ ಅಪಾಯ, ನೀವೂ ರಕ್ತ ಕೊಡಿ ಎಂದಿದ್ದರು ಡಾಕ್ಟರು. ಅಷ್ಟರಲ್ಲಿ ಅವನ ತಾಯಿ ಸಣ್ಣತಾಯಮ್ಮ, ಐಬು ಮಳವಳ್ಳಿಯ ಬೀಗರದು, ನಮ್ಮನೇದಲ್ಲ ಎಂದು ತಮ್ಮೂರು ಗುತ್ತಲಿನ ಬೀದಿಗೆಲ್ಲ ಹೇಳಿಯಾಗಿತ್ತು. ಆ ಮಾತು ಸುಳ್ಳಾದೀತೆಂಬ ಭಯಕ್ಕೆ ಅವನು ಗೆಳೆಯ ಚಲುವರಾಜುವಿನಿಂದ ತನ್ನ ಹೆಸರಿನಲ್ಲಿ ರಕ್ತ ಕೊಡಿಸಿದ. ದೋಷವಿಲ್ಲವೆಂದು ವರದಿ ಬಂತು. ಎಲ್ಲರೂ ನಿಶ್ಚಿಂತರಾದರು.

ಮಗಳು ದೀಪಿಕ ಎಂಟು ತಿಂಗಳಿಗೆ ಸುಣ್ಣದಂತೆ ಬಿಳಿಚಿಕೊಂಡಳು. ಮತ್ತೆ ಪರೀಕ್ಷೆ. ಡಿಎನ್‌ಎಯನ್ನು ಜೆಲ್ಲಿಗೆ ಹಾಕಿ ಕರೆಂಟು ಹಾಯಿಸಿದರೆ ಒಬ್ಬೊಬ್ಬರ ಸಾಲಿನಲ್ಲಿ ಒಂದೊಂದು ದೋಷವೂ ಒಂದೊಂದು ಎತ್ತರದಲ್ಲಿ ಗೆರೆಯಾಗಿ ನಿಲ್ಲುತ್ತದೆ. ಮಗುವಿನ ಸಾಲಿನಲ್ಲಿ ಎರಡು ಗೆರೆಗಳಿದ್ದವು, ತಾಯಿಯಿಂದೊಂದು, ತಂದೆಯಿಂದೊಂದು ಬರುವಂಥವು. ಮೇಲಿನದು ರಂಜಿತಳ ಸಾಲಿನಲ್ಲೂ ಇತ್ತು. ಕೆಳಗಿನದು, ಸ್ವರೂಪನ ಹೆಸರಿನಲ್ಲಿ ಹಿಂದೆ ಕೊಟ್ಟಿದ್ದ ರಕ್ತದ ಸಾಲಿನಲ್ಲಿ ಇರಲಿಲ್ಲ. ತಂದೆಯ ರಕ್ತ ಇನ್ನೊಮ್ಮೆ ಬೇಕು ಎಂದಷ್ಟೇ ಹೇಳಿ ಡಾಕ್ಟರು ಆ ಗೆರೆಗಳ ಫೋಟೋ ಕೊಟ್ಟರು.

ಮನೆಯಲ್ಲಿ ಸಣ್ಣತಾಯಮ್ಮ ಅದನ್ನು ಸೊಸೆಯ ಮುಖಕ್ಕೆ ಹಿಡಿದಳು.

"ಮೇಲಿಂದು ನಿಂದು, ಒಪ್ಕೊಂಡೆ. ಕೆಳಗಿಂದು ಯಾರ್ದಮ್ಮಿ?"

"ಬಾಯಿಗೆ ಬಂದಂಗೆ ಮಾತಾಡ್ಬ್ಯಾಡಿ ಅತ್ತೆ."

"ನಾನೆಲ್ಲಿ ಮಾತಾಡ್ದೆ? ಪೋಟೋನೇ ಮಾತಾಡ್ತಾ ಅದೆ."

ರಂಜಿತ ಗಂಡನ ಕಡೆ ತಿರುಗಿದಳು. "ನೀವಾರ ಒಂದ್ಮಾತು ಅನ್ನಿ… ನಿಮ್ ಮಗಳು ಕಣ್ರೀ ಇದು…"

ಅವನು ಪಂಚೆಯ ಮೇಲಿನ ಟೀ ಕಲೆಯನ್ನು ಉಜ್ಜುತ್ತ ಕೂತ. ಮಧ್ಯಾಹ್ನದ ಬಸ್ಸಿಗೆ ಅವಳು ಮಗುವನ್ನೆತ್ತಿಕೊಂಡು ಮಳವಳ್ಳಿಗೆ ಹೊರಟುಹೋದಳು.

ಸ್ವರೂಪನಿಗೆ ಹನ್ನೊಂದು ದಿನ ಅನ್ನ ಇಳಿಯಲಿಲ್ಲ. ಬೀದಿಯವರು ಅವನನ್ನು ಕಂಡು ಅಯ್ಯೋ ಪಾಪ ಎನ್ನುತ್ತಿದ್ದರು. ಆ ಕನಿಕರವೇ ಅವನ ಮೈ ಸುಡುತ್ತಿತ್ತು. ಹನ್ನೆರಡನೆಯ ದಿನ ತಾನೇ ಆಸ್ಪತ್ರೆಗೆ ಹೋಗಿ ತೋಳು ಚಾಚಿದ. ಹೊಸ ಫೋಟೋದಲ್ಲಿ ಅವನ ಸಾಲಿನಲ್ಲಿ ಕೆಳಗಿನ ಗೆರೆ ಬೆಳ್ಳಗೆ ನಿಂತಿತ್ತು. ಅದನ್ನು ತಾಯಿಯ ಮುಂದಿಟ್ಟು ಮಾಡಿದ್ದನ್ನೆಲ್ಲ ಹೇಳಿದ. ಸಣ್ಣತಾಯಮ್ಮ ಫೋಟೋವನ್ನು ಬೋರಲು ಹಾಕಿದಳು.

"ಆವತ್ತೇ ಬೊಗಳಾಕೆ ಏನ್ಲಾ ಆಗಿತ್ತು ನಿಂಗೆ? ಎಂಥಾ ಮಾತು ಆಡುಸ್ಬುಟ್ಟೆ ನನ್ ಬಾಯಲ್ಲಿ…"

ಮಳವಳ್ಳಿಯಲ್ಲಿ ಅವನು ಹೊಸ್ತಿಲಾಚೆಯೇ ನಿಂತು ಎಲ್ಲವನ್ನೂ ಮತ್ತೆ ಹೇಳಿದ. ರಂಜಿತ ಅಳಲಿಲ್ಲ.

"ಸೂಜಿಗೆ ಎದ್ರುದ್ರೆ ನಾನೇ ಕೈ ಇಡ್ಕೊತಿದ್ದೆ," ಎಂದಳು. "ನೀವು ಗೊತ್ತಿದ್ದೂ ಸುಮ್ಕೆ ಕೂತಿದ್ರಲ್ಲ… ಮಗೀಗೆ ತಿಂಗ್ಳಿಗೊಂದ್ಸಲ ರಕ್ತ ಏರುಸ್ಬೇಕಂತೆ. ಆಸ್ಪತ್ರೆಗೆ ಬನ್ನಿ. ಮನೆತಾವ ಬರಬ್ಯಾಡಿ."

ಸ್ವರೂಪ ತಿಂಗಳಿಗೊಮ್ಮೆ ಹೋಗಿ ಮಗಳ ಪುಟ್ಟ ಕೈಯನ್ನು ಅಲುಗದಂತೆ ಹಿಡಿದುಕೊಳ್ಳುತ್ತಾನೆ. ಗುತ್ತಲಿನ ಮನೆಯಲ್ಲಿ ನಾಲ್ವರಿದ್ದರು. ಈಗ ಇಬ್ಬರಿದ್ದಾರೆ.